ಅಳಿಸಿದ್ದೂ ಉಳಿಯುವ ಬೋರ್ಡು

ನನ್ನ ಬೋರ್ಡಿನ ಅಕ್ಷರ ಚೆನ್ನಾಗಿದೆ. ನಾನೇ ಹೇಳಿಕೊಳ್ಳಬಾರದು, ಆದರೂ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಶಾಲೆ ನೋಡಲು ಬಂದವರೆಲ್ಲ ತಪ್ಪದೆ ಹೊಗಳಿದ್ದು ಅದೊಂದನ್ನೇ. ಸಾಲು ಓರೆಯಾಗುವುದಿಲ್ಲ. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುವುದಿಲ್ಲ. ಎಲ್ಲಾದರೂ ಒಂದು ಪದ ತಪ್ಪಿತೋ, ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಡಸ್ಟರ್ ಅದರ ಮೇಲೆ ಓಡಿರುತ್ತದೆ. ಬೋರ್ಡಿನ ಮೇಲೆ ಏನೇನು ಬರಬೇಕು ಅನ್ನುವುದನ್ನು ಹಿಂದಿನ ರಾತ್ರಿ ಒಂದು ಹಳೇ ಡೈರಿಯಲ್ಲಿ ಬರೆದು, ಹೊಡೆದು, ಮತ್ತೆ ಬರೆದು ಇಟ್ಟುಕೊಂಡಿರುತ್ತೇನೆ. ಆ ಡೈರಿಯನ್ನು ಮಾತ್ರ ಯಾರಿಗೂ ತೋರಿಸಿದವಳಲ್ಲ. ಮನೆಯವರು ಒಮ್ಮೆ ಸುಮ್ನೆ ತೆರೆದು ನೋಡಿದ್ದಕ್ಕೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಕಂಪ್ಯೂಟರಿನಲ್ಲಿ ನಾಲ್ಕು ಜನ ಒಂದೇ ಪುಟದ ಮೇಲೆ ಒಟ್ಟಿಗೆ ಬರೆಯುವುದನ್ನು ಕಲಿಯಲು ನನಗೆ ಯಾಕೆ ಇಷ್ಟು ಕಾಲ ಹಿಡಿಯಿತು ಎಂದು ಯೋಚಿಸುವಾಗೆಲ್ಲ ಆ ಡೈರಿಯೇ ನೆನಪಾಗುತ್ತದೆ.

ನಾನು ಬೇಲೂರು ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮನೆ ಹಾಸನದಲ್ಲಿ. ಬೆಳಗ್ಗೆ ಬಸ್ಸು, ಹಗರೆ ದಾಟುವಷ್ಟರಲ್ಲಿ ಸೀಟು ಸಿಕ್ಕಿದರೆ ಪುಣ್ಯ. ಬೇಲೂರಿನಲ್ಲಿ ಇಳಿದು ಇನ್ನೊಂದು ಬಸ್ಸು. ಮಕ್ಕಳ ಅಪ್ಪ ಅಮ್ಮಂದಿರು ಶುಂಠಿ, ಜೋಳ, ಸ್ವಲ್ಪ ಆಲೂಗೆಡ್ಡೆ ಅಂತ ಹೊಲದಲ್ಲಿರುತ್ತಾರೆ. ಅರೇಹಳ್ಳಿ ಕಡೆಯ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರೂ ಇದ್ದಾರೆ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ನಮಗೆ ಗೊತ್ತಿದ್ದದ್ದು ವಾಟ್ಸಾಪ್ ಒಂದೇ. ಗುಂಪು ಮಾಡಿದೆವು. ನಾನು ಪಾಠದ ಫೋಟೋ ಹಾಕುವುದು, ಅವರು ಬರೆದದ್ದರ ಫೋಟೋ ಕಳಿಸುವುದು. ರಾತ್ರಿ ಎಂಟರ ಮೇಲೆ, ಅಪ್ಪ ಕೆಲಸದಿಂದ ಬಂದು ಫೋನ್ ಕೈಗೆ ಸಿಕ್ಕ ಮೇಲೆ, ಫೋಟೋಗಳು ಸಾಲಾಗಿ ಬೀಳತೊಡಗುತ್ತಿದ್ದವು. ಅರ್ಧ ನೆರಳು, ಅರ್ಧ ಬೆರಳು. ಅದರ ಮೇಲೆ ನಾನು ಕೆಂಪು ಗೀರು ಎಳೆದು ವಾಪಸ್ ಕಳಿಸುತ್ತಿದ್ದೆ. ಆಮೇಲೆ ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ದೇವಸ್ಥಾನದ ಜಗಲಿ, ಅರಳಿಕಟ್ಟೆ ಅಂತ ಊರೂರಿಗೆ ಹೋಗಿ ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ನಿಜ ಹೇಳಬೇಕೆಂದರೆ ಆ ಅರಳಿಕಟ್ಟೆಯ ಎರಡು ತಿಂಗಳೇ ನಾನು ಆ ವರ್ಷ ಮಾಡಿದ ಪಾಠ. ವಾಟ್ಸಾಪಿನದು ಪಾಠ ಅಲ್ಲ, ಅಂಚೆ. ನಾನು ಕೊಡುವುದು, ಅವರು ತಗೊಳ್ಳುವುದು, ಅವರು ಕೊಡುವುದು, ನಾನು ತಿದ್ದುವುದು. ಒಬ್ಬರು ಬರೆದದ್ದು ಇನ್ನೊಬ್ಬರ ಕೈಗೆ ಬರುತ್ತಿರಲಿಲ್ಲ.

ಒಟ್ಟಿಗೆ ಬರೆಯುವುದು ಅಂದರೇನು ಎಂದು ಗೊತ್ತಾಗಿದ್ದು ಪ್ರಶ್ನೆಪತ್ರಿಕೆಯಿಂದ. ಸುತ್ತಲಿನ ಐದು ಶಾಲೆಯವರು ಸೇರಿ ಒಂದು ಕಿರುಪರೀಕ್ಷೆಗೆ ಪತ್ರಿಕೆ ತಯಾರಿಸಬೇಕಿತ್ತು. ನಾನು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಮೇಲ್ ಮಾಡಿದೆ. ಇನ್ನೊಬ್ಬರು ತೆರೆದರೆ, ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕೆ, ಟೋಪಿ ಇಟ್ಟಂತೆ ಏನೇನೋ. ಅವರ ಕಂಪ್ಯೂಟರಿನಲ್ಲಿ ಆ ಹಳೇ ಫಾಂಟ್ ಇರಲಿಲ್ಲ. ಯೂನಿಕೋಡಿಗೆ ಬದಲಾಯಿಸಿ ಮತ್ತೆ ಕಳಿಸಿದೆ. ಅಷ್ಟರಲ್ಲಿ ಮೂರನೆಯವರು ಹಳೆಯದನ್ನೇ ತಿದ್ದಿ ಹಂಚಿಬಿಟ್ಟಿದ್ದರು. ಕೊನೆಗೆ ನನ್ನ ಡೆಸ್ಕ್‌ಟಾಪಿನ ಮೇಲೆ 'ಫೈನಲ್', 'ಫೈನಲ್ ಹೊಸದು', 'ಫೈನಲ್ ಸರಿ ಮಾಡಿದ್ದು', 'ಇದೇ ಫೈನಲ್' ಅಂತ ನಾಲ್ಕು ಫೈಲು. ಪರೀಕ್ಷೆಯ ದಿನ ಒಂದು ಶಾಲೆಯಲ್ಲಿ ಒಂದೇ ಪ್ರಶ್ನೆ ಎರಡು ಸಲ ಬಂದಿತ್ತು. ಮಕ್ಕಳು ಖುಷಿಯಿಂದ ಎರಡೂ ಕಡೆ ಉತ್ತರ ಬರೆದರಂತೆ.

ಮುಂದಿನ ಸಲ ಆಲೂರು ಕಡೆಯ ಒಬ್ಬ ಗಣಿತದ ಸರ್ ಗೂಗಲ್ ಡಾಕ್ಸ್‌ನಲ್ಲಿ ಪುಟ ಮಾಡಿ ಲಿಂಕ್ ಕಳಿಸಿದರು. ತೆರೆದೆ. ಮೇಲೆ ಮೂಲೆಯಲ್ಲಿ ಬಣ್ಣಬಣ್ಣದ ಗುಂಡು ಚಿತ್ರಗಳು. ಲಾಗಿನ್ ಆಗದೆ ಒಳಗೆ ಬಂದವರಿಗೆ ಅದು ಪ್ರಾಣಿಗಳ ಹೆಸರು ಕೊಡುತ್ತದೆ. ಅನಾಮಿಕ ಕ್ಯಾಪಿಬಾರಾ, ಅನಾಮಿಕ ಆಕ್ಸಲಾಟಲ್. ನಮ್ಮ ಕ್ಲಸ್ಟರಿನ ಹಿರಿಯ ಮೇಷ್ಟ್ರೊಬ್ಬರು ಅವತ್ತು ಕ್ವಾಗಾ ಆಗಿದ್ದರು. ಅದೇನು ಪ್ರಾಣಿ ಅಂತ ಹುಡುಕಿದರೆ ದಕ್ಷಿಣ ಆಫ್ರಿಕಾದ ಒಂದು ಜಾತಿಯ ಜೀಬ್ರಾ, ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತಂತೆ. "ರಿಟೈರ್‌ಮೆಂಟ್‌ಗೆ ಇನ್ನೂ ಎರಡು ವರ್ಷ ಇದೆ ಕಣಮ್ಮ, ಈಗಲೇ ನನ್ನ ಅಳಿಸಿಬಿಟ್ರಲ್ಲ" ಅಂತ ಅವರು ನಕ್ಕರು.

ನನಗೆ ನಗು ಬರಲಿಲ್ಲ. ನಾನು ಟೈಪ್ ಮಾಡಲು ಶುರು ಮಾಡಿದ ಕೂಡಲೆ ನನ್ನ ಗೆರೆಯ ಪಕ್ಕದಲ್ಲೇ ಇನ್ನೊಂದು ಬಣ್ಣದ ಗೆರೆ ಬಂದು ನಿಂತಿತು. ಯಾರೋ ಹೆಗಲ ಮೇಲಿಂದ ಬಗ್ಗಿ ನೋಡಿದ ಹಾಗೆ. ಬೆರಳು ಮರಗಟ್ಟಿತು. 'ಕಾರಣಗಳನ್ನು ತಿಳಿಸಿ' ಅನ್ನುವುದನ್ನು ಮೂರು ಸಲ ತಪ್ಪು ಹೊಡೆದೆ. ಆಮೇಲೊಂದು ಉಪಾಯ ಕಂಡುಕೊಂಡೆ. ಪಕ್ಕದಲ್ಲಿ ನೋಟ್‌ಪ್ಯಾಡ್ ತೆರೆದು, ಅಲ್ಲಿ ಬರೆದು, ತಿದ್ದಿ, ಚೊಕ್ಕ ಮಾಡಿ, ತಂದು ಇಲ್ಲಿ ಅಂಟಿಸುವುದು. ಎರಡನೇ ದಿನ ಗಣಿತದ ಸರ್ ಫೋನ್ ಮಾಡಿದರು. "ಮೇಡಂ, ನೀವು ಎಲ್ಲಿ ಟೈಪ್ ಮಾಡ್ತೀರಿ? ಅರ್ಧ ಗಂಟೆ ಏನೂ ಇರಲ್ಲ, ಆಮೇಲೆ ದಿಢೀರ್ ಅಂತ ಇಡೀ ಪ್ಯಾರಾ ಬೀಳುತ್ತೆ." ನೆಟ್ ಸರಿ ಇಲ್ಲ ಸರ್, ಅಂದೆ.

ತರಬೇತಿಗಳಿಗೂ ಹೋಗಿದ್ದೇನೆ. ಒಂದು ತರಬೇತಿಯಲ್ಲಿ ಎರಡು ದಿನ ಪೂರ್ತಿ ಗುಂಡಿಗಳನ್ನು ಕಲಿಸಿದರು. ಇದು ಶೇರ್ ಗುಂಡಿ, ಇದು ಕಾಮೆಂಟ್ ಗುಂಡಿ. ಗುಂಡಿ ಒತ್ತುವುದು ಎಂಟನೇ ಕ್ಲಾಸಿನ ಮಗುವಿಗೂ ಹತ್ತು ನಿಮಿಷದ ಕೆಲಸ. ಶೇರ್ ಗುಂಡಿ ಒತ್ತಿದ ಮೇಲೆ ಹೊಟ್ಟೆಯಲ್ಲಿ ಆಗುವ ಸಂಕಟದ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಟೀ ಬ್ರೇಕಿನಲ್ಲಿ ಕೇಳಿದರೆ ನಮ್ಮಲ್ಲಿ ಅರ್ಧ ಜನ ನೋಟ್‌ಪ್ಯಾಡಿನವರೇ!

ಇದರ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದ ಮೇಲೆ ನನ್ನ ಹೆದರಿಕೆ ಸ್ವಲ್ಪ ಇಳಿಯಿತು. ನನ್ನ ಮಟ್ಟಿಗೆ ಯಾವುದೇ ಯಂತ್ರದ ಹೆದರಿಕೆ ಹೋಗುವುದು ಹಾಗೇ. ನಾವು ಒತ್ತುವ ಒಂದೊಂದು ಅಕ್ಷರವೂ 'ಹನ್ನೆರಡನೇ ಜಾಗದಲ್ಲಿ ಇದನ್ನು ಸೇರಿಸು', 'ಏಳನೆಯದನ್ನು ತೆಗೆ' ಎಂಬ ಸಣ್ಣ ಆಜ್ಞೆಯಾಗಿ ಹೋಗುತ್ತದೆ. ಇಬ್ಬರ ಆಜ್ಞೆ ಒಂದೇ ಹೊತ್ತಿಗೆ ಬಂದರೆ? ಬಸ್ಸಿನ ಸಾಲು ನೆನಪು ಮಾಡಿಕೊಳ್ಳಿ. ಐದನೆಯವನಿಗೆ ಟಿಕೆಟ್ ಕೊಡು ಅಂತ ನಾನು ಹೇಳುತ್ತೇನೆ. ಅಷ್ಟರಲ್ಲಿ ಎರಡನೆಯವನು ಸಾಲು ಬಿಟ್ಟು ಹೋಗಿರುತ್ತಾನೆ. ಕಂಡಕ್ಟರ್ ಚುರುಕಾಗಿದ್ದರೆ, ಮೇಡಂ ಹೇಳಿದ ಐದನೆಯವನು ಈಗ ನಾಲ್ಕನೆಯವನು ಅಂತ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ. ಆ ಕಂಡಕ್ಟರನ ಲೆಕ್ಕವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬಿಬ್ಬರು 1989ರಲ್ಲೇ ಬರೆದಿಟ್ಟಿದ್ದರು. ಅದಕ್ಕೂ ಮೊದಲು, 1968ರ ಡಿಸೆಂಬರ್ 9ರಂದು, ಡಗ್ಲಸ್ ಎಂಗೆಲ್‌ಬಾರ್ಟ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಭೆಯಲ್ಲಿ ಕೂತು, ಮೆನ್ಲೊ ಪಾರ್ಕಿನಲ್ಲಿದ್ದ ಜೊತೆಗಾರನೊಂದಿಗೆ ಒಂದೇ ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದ್ದ. ನಾನು ಇದನ್ನೆಲ್ಲ ಹೊಸದು ಹೊಸದು ಅಂತ ಹೆದರುತ್ತಿದ್ದೆನಲ್ಲ, ಇದು ನನಗಿಂತ ಹಳೆಯದು.

ಕಳೆದ ಮಳೆಗಾಲದಲ್ಲಿ ಒಂಬತ್ತನೇ ಕ್ಲಾಸಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ನಿಮ್ಮ ಊರಿನಲ್ಲಿರುವ, ಹೋರಾಡಿ ಸತ್ತವರ ವೀರಗಲ್ಲು, ಸತಿ ಹೋದವರ ಮಾಸ್ತಿಕಲ್ಲುಗಳನ್ನು ನೋಡಿ, ಅಳೆದು, ಕೇಳಿ ತಿಳಿದು, ಎಲ್ಲರೂ ಸೇರಿ ಒಂದೇ ಪುಟದಲ್ಲಿ ಬರೆಯಬೇಕು. ನಮ್ಮ ತಾಲೂಕಿನಲ್ಲಿ ಕಲ್ಲಿಗೆ ಬರವಿಲ್ಲ. ಸುಮಾರು 450ರ ಕಾಲದ್ದೆನ್ನುವ ಹಲ್ಮಿಡಿ ಶಾಸನ ನಮ್ಮದೇ ತಾಲೂಕಿನದು. ಬಿ.ಎಲ್. ರೈಸ್ ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ 1902ರಲ್ಲೇ ಬಂದಿದೆ. ಆದರೆ ಆ ಸಂಪುಟಕ್ಕೆ ಬೇಕಿದ್ದದ್ದು ಅಕ್ಷರ ಇರುವ ಕಲ್ಲು. ಅಕ್ಷರವಿಲ್ಲದ, ಬರೀ ಚಿತ್ರವಿರುವ ಎಷ್ಟೋ ಕಲ್ಲುಗಳು ಕೆರೆ ಏರಿಯ ಮೇಲೆ, ಬೇಲಿಯ ಬುಡದಲ್ಲಿ, ದನದ ಕೊಟ್ಟಿಗೆಯ ಮೆಟ್ಟಿಲಾಗಿ ಸುಮ್ಮನೆ ಬಿದ್ದಿವೆ. ಅವುಗಳ ಬಗ್ಗೆ ಬರೆಯಲು ಮಕ್ಕಳಿಗಿಂತ ಒಳ್ಳೆಯವರು ಯಾರು?

ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್. ಆರು ಏಳುತ್ತವೆ. ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡಿಸಲು ನನಗೆ ಮನಸ್ಸಿರಲಿಲ್ಲ. 2023ರ ದತ್ತಾಂಶ ರಕ್ಷಣೆ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಲೆಕ್ಕ ಹಿಡಿದು ತಂದೆತಾಯಿಯ ಒಪ್ಪಿಗೆ ಕೇಳುತ್ತದೆ. ಅದೆಲ್ಲ ಯಾಕೆ ಅಂತ, ಲಿಂಕ್ ಇದ್ದವರು ಯಾರು ಬೇಕಾದರೂ ತಿದ್ದಬಹುದು ಎಂದು ಪುಟವನ್ನು ತೆರೆದಿಟ್ಟೆ. ತಪ್ಪು ನನ್ನದೇ. ಎರಡನೇ ವಾರ, ಕೊನೇ ಪೀರಿಯಡ್, ಹೊರಗೆ ಜಡಿಮಳೆ. "ಮಿಸ್! ಎಲ್ಲಾ ಹೋಯ್ತು!"

ಹೋಗಿತ್ತು. ಆರೂ ಪರದೆಯ ಮೇಲೆ ಒಂದೇ ಒಂದು ಅಕ್ಷರ. 'ಮ'. ಯಾರೋ ಇಡೀ ಪುಟವನ್ನು ಆರಿಸಿಕೊಂಡು ಒಂದು ಕೀ ಒತ್ತಿದ್ದರು. ಹಿಂದಿನ ಆವೃತ್ತಿಗಳ ಪಟ್ಟಿ ತೆರೆದು ಅರ್ಧ ಗಂಟೆ ಹಿಂದಿನದನ್ನು ವಾಪಸ್ ತಂದೆ. ಬರಹ ಬಂತು. ಮಾಡಿದವರು ಯಾರು ಅಂತ ಮಾತ್ರ ಗೊತ್ತಾಗಲಿಲ್ಲ. ಅಲ್ಲಿ ಎಲ್ಲರೂ ಅನಾಮಿಕರು. ಅವತ್ತು ಬಸ್ಸಿನಲ್ಲಿ ಕೂತು ಯೋಚಿಸಿದ್ದು ಆ ಮಗುವಿನ ಬಗ್ಗೆ. ಗೊತ್ತಾಗದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಆದರೆ ಒಂದು ಊರಿನ ಕಲ್ಲಿನ ಬಗ್ಗೆ ಚಂದದ ನಾಲ್ಕು ಸಾಲು ಬರೆದ ಮಗುವಿನ ಹೆಸರೂ ಅದೇ ರೀತಿ ಕಳೆದುಹೋಗುತ್ತಿತ್ತಲ್ಲ?

ಮರುದಿನ ಬೇಲೂರಿನ ಕಥೆ ಹೇಳಿದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಹೊರಗೋಡೆಯ ಮದನಿಕೆಯರ ಪೀಠದ ಮೇಲೆ ಕೆತ್ತಿದವರು ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇನ್ನು ನಮ್ಮ ಜಿಲ್ಲೆಯದೇ ನುಗ್ಗೇಹಳ್ಳಿಗೆ ಬಂದರೆ, 1246ರ ಗುಡಿ, ಅಲ್ಲಿ ಬೈಚೋಜ ಒಂದು ಕಡೆ, ಮಲ್ಲಿತಮ್ಮ ಇನ್ನೊಂದು ಕಡೆ. ಗುಡಿ ಒಂದೇ, ಕೈ ಬೇರೆ ಬೇರೆ. ನೋಡುವವರಿಗೆ ಹೊಲಿಗೆ ಕಾಣುವುದಿಲ್ಲ, ಆದರೆ ಹೆಸರು ಇದೆ. "ಹಾಗಿದ್ರೆ ನಾವೂ ಹಾಕಣ ಮಿಸ್" ಅಂದ ಒಬ್ಬ. ಅವತ್ತಿನಿಂದ ಪ್ರತಿ ಪ್ಯಾರಾದ ಕೊನೆಗೆ, ಶಿಲ್ಪಿಗಿದ್ದ ಹಳೇ ಹೆಸರು 'ರೂವಾರಿ' ಅಂತ ಬರೆದು, ತಮ್ಮ ಹೆಸರು. ಒಬ್ಬಳು ಬರೆದದ್ದೇ ಒಂದು ಸಾಲು, ಅದರ ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಊರು, ಹೋಬಳಿ. ಸಹಿಯೇ ಬರಹಕ್ಕಿಂತ ದೊಡ್ಡದು.

ಮಳೆ ಜೋರಾದ ಮೇಲೆ ನೆಟ್ ಪೂರ್ತಿ ಕೈಕೊಟ್ಟಿತು. ಆಗ ನಮ್ಮ ಹಳೇ ವಿದ್ಯಾರ್ಥಿಯೊಬ್ಬ, ಈಗ ಹಾಸನದಲ್ಲಿ ಇಂಜಿನಿಯರಿಂಗ್ ಓದುವವನು, ರಜೆಗೆ ಊರಿಗೆ ಬಂದಿದ್ದ. "ಮಿಸ್, ಇದಕ್ಕೆ ನೆಟ್ ಯಾಕೆ ಬೇಕು?" ಅಂದ. ಈಥರ್‌ಪ್ಯಾಡ್ ಅಂತ ಒಂದಿದೆ. 2008ರಲ್ಲಿ ಹುಟ್ಟಿದ್ದು. ಮರುವರ್ಷ ಗೂಗಲ್ ಅದರ ಕಂಪನಿಯನ್ನು ಕೊಂಡುಕೊಂಡಿತು. ಆಮೇಲೆ ಅದರ ಕೋಡ್ ಎಲ್ಲರಿಗೂ ತೆರೆದುಕೊಂಡಿತು. ಅದನ್ನು ಒಂದು ಕಂಪ್ಯೂಟರಿನಲ್ಲಿ ಹಾಕಿ, ಉಳಿದವನ್ನು ಒಂದು ಹಳೇ ರೌಟರಿನಿಂದ ಅದಕ್ಕೆ ಜೋಡಿಸಿದ. ಅಷ್ಟೇ. ಲ್ಯಾಬಿನ ನಾಲ್ಕು ಗೋಡೆಯ ಒಳಗೇ ಎಲ್ಲ ನಡೆಯುತ್ತದೆ, ಹೊರಗಿನ ನೆಟ್ ಬೇಡ, ಖಾತೆ ಬೇಡ. ಬಂದು ಕೂತವರು ಹೆಸರು ಟೈಪ್ ಮಾಡಿದರೆ ಒಂದು ಬಣ್ಣ ಸಿಗುತ್ತದೆ. ಅವರು ಬರೆದದ್ದೆಲ್ಲ ಆ ಬಣ್ಣದಲ್ಲಿ. ಕರೆಂಟು ಹೋದರೆ ಯುಪಿಎಸ್ ಹದಿನೈದು ನಿಮಿಷ ಎಳೆಯುತ್ತದೆ. ಆಮೇಲೆ ಎಲ್ಲರೂ ಹಾಡು ಹೇಳಿಕೊಂಡು ಕೂರುತ್ತೇವೆ.

ಪಕ್ಕದಲ್ಲಿ ಮಾತಾಡಲು ಒಂದು ಚಾಟ್ ಡಬ್ಬಿಯೂ ಇದೆ. ಕಲ್ಲಿನ ಚರ್ಚೆ ಅಲ್ಲಿ ಆಗಲಿ ಅಂತ ನನ್ನ ಆಸೆ. ಮೊದಲ ದಿನದ ಚಾಟು ಪೂರ್ತಿ ಮಧ್ಯಾಹ್ನದ ಊಟದ್ದು. ಸಾಂಬಾರಿಗೆ ಏನು ಹಾಕಿದ್ದಾರೆ, ಮೊಟ್ಟೆ ಇವತ್ತೋ ನಾಳೆಯೋ. ಎದುರುಬದುರು ಕೂತವರೇ ಟೈಪ್ ಮಾಡಿ ಕೇಳಿಕೊಳ್ಳುತ್ತಿದ್ದರು.

ಟೈಪಿಂಗ್ ಬಗ್ಗೆ ಒಂದು ಮಾತು. ಮಕ್ಕಳಿಗೆ ಫೋನಿನ ಕನ್ನಡ ಗೊತ್ತು, ಕೀಬೋರ್ಡಿನ ಕನ್ನಡ ಗೊತ್ತಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ನುಡಿಯಲ್ಲಿರುವುದು. ಈ ಕಂಪ್ಯೂಟರುಗಳಲ್ಲೂ ಅದನ್ನೇ ಹಾಕಿಕೊಂಡೆವು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ, ನಡುವೆ ಎಫ್ ಒತ್ತಿದರೆ ಒತ್ತು. 'ಕಲ್ಲು' ಅಂತ ಹೊಡೆಯಲು ಬಂದ ದಿನ ಲ್ಯಾಬಿನಲ್ಲಿ ಗಲಾಟೆಯೋ ಗಲಾಟೆ. ಒಂದೇ ವಾರದಲ್ಲಿ ನನಗಿಂತ ಬೇಗ ಹೊಡೆಯುವವರು ನಾಲ್ಕು ಜನ. ಅಲ್ಲಿಯವರೆಗೆ ಒತ್ತಕ್ಷರ ಎಂದರೆ ಕೆಳಗೆ ನೇತಾಡುವ ಒಂದು ಚಿತ್ರ ಅಂದುಕೊಂಡಿದ್ದ ಹುಡುಗನೊಬ್ಬ, "ಓ, ಇದು ಎರಡು ಲ ಸೇರಿದ್ದಾ ಮಿಸ್?" ಅಂದ. ಒಂಬತ್ತು ವರ್ಷ ಕಾಪಿ ಬರೆಸಿ ಹೇಳಿಕೊಡಲಾಗದ್ದನ್ನು ಎಫ್ ಕೀ ಹೇಳಿಕೊಟ್ಟಿತು.

ಆ ಬಣ್ಣಗಳ ವಿಷಯದಲ್ಲಿ ನಾನೊಂದು ಪೆದ್ದುತನ ಮಾಡಿದೆ. ಯಾರು ಎಷ್ಟು ಬರೆದಿದ್ದಾರೆ ಅಂತ ಒಂದೇ ನೋಟಕ್ಕೆ ಕಾಣುತ್ತದಲ್ಲ, ಅದನ್ನೇ ನೋಡಿ ಅಂಕ ಕೊಟ್ಟೆ. ಮಕ್ಕಳಿಗೆ ವಾಸನೆ ಹತ್ತಲು ಎರಡು ದಿನ ಸಾಕಾಯಿತು. ಮೂರನೇ ದಿನದಿಂದ ವಾಕ್ಯಗಳು ಬೆಳೆಯತೊಡಗಿದವು. 'ಈ ಕಲ್ಲು ಕಪ್ಪು' ಅಂತ ಇದ್ದದ್ದು 'ಈ ನಮ್ಮ ಊರಿನಲ್ಲಿ ಇರುವಂತಹ ಕಲ್ಲು ನೋಡಲಿಕ್ಕೆ ಬಹಳ ಕಪ್ಪಾದ ಬಣ್ಣವನ್ನು ಹೊಂದಿರುವಂತಹದ್ದಾಗಿರುತ್ತದೆ' ಆಯಿತು. ಬಣ್ಣ ಹರಡಬೇಕಲ್ಲ! ಇನ್ನೊಬ್ಬನ ಸಾಲನ್ನು ಅಳಿಸಿ ಅದನ್ನೇ ತನ್ನ ಬಣ್ಣದಲ್ಲಿ ಮತ್ತೆ ಹೊಡೆದವರೂ ಇದ್ದರು. ಇನ್ನೊಂದು ಕಡೆ ಒಬ್ಬಳು ಹುಡುಗಿ. ಅವಳ ಬಣ್ಣ ನಸುಗೆಂಪು. ಇಡೀ ಪುಟದಲ್ಲಿ ಅವಳದು ಎರಡೇ ಸಾಲು. ಆದರೆ ಹದಿನಾಲ್ಕು ಕಲ್ಲಿನಲ್ಲಿ ಹನ್ನೊಂದನ್ನು ಅಳೆದವಳು ಅವಳೇ. ಅಪ್ಪ ಗಾರೆ ಕೆಲಸದವರು, ಅವರ ಟೇಪು ತಂದಿದ್ದಳು. ಉದ್ದ ಅಗಲ ಕೂಗಿ ಹೇಳುವುದು ಇವಳು, ಟೈಪ್ ಮಾಡುವುದು ಬೇರೆಯವರು. ಅವಳಿಗೆ ನಾನು ಕೊಟ್ಟದ್ದು ಹತ್ತಕ್ಕೆ ಮೂರು. ಬೇಲೂರಿನಲ್ಲಿ ಕೆತ್ತಿದವರ ಹೆಸರು ಪೀಠದ ಮೇಲಿದೆ, ಆ ಬಳಪದ ಕಲ್ಲನ್ನು ಎಳೆದು ತಂದವರ ಹೆಸರು ಎಲ್ಲಿದೆ? ಕ್ಲಾಸಿನಲ್ಲಿ ದೊಡ್ಡದಾಗಿ ರೂವಾರಿಯ ಕಥೆ ಹೇಳಿದವಳಿಗೆ ಇದು ಹೊಳೆಯಲಿಲ್ಲ. ಅಂಕ ಹೊಡೆದು ಹಾಕಿದೆ. ಈಗ ಪುಟದ ಮೇಲೆ ಅಳೆದವರು, ಕೇಳಿ ತಂದವರು, ಬರೆದವರು ಅಂತ ಮೂರು ಪಟ್ಟಿ ಇದೆ. ಅಂಕ ಇಡೀ ಗುಂಪಿಗೆ ಒಂದೇ. ಅದೂ ಪೂರ್ತಿ ನ್ಯಾಯ ಅಲ್ಲ, ಗೊತ್ತು. ಏನೂ ಮಾಡದ ಇಬ್ಬರು ಹಾಯಾಗಿ ಎಂಟು ಅಂಕ ತಗೊಂಡರು.

ಈ ನಡುವೆ ಒಬ್ಬ ಮಹಾಶಯ ಬಣ್ಣ ಅಳಿಸುವ ಗುಂಡಿ ಒತ್ತಿದ. ಇಡೀ ಪುಟ ಒಂದೇ ಕ್ಷಣದಲ್ಲಿ ಬೆಳ್ಳಗೆ. ಅಕ್ಷರ ಎಲ್ಲ ಇವೆ, ಯಾರದು ಯಾವುದು ಗೊತ್ತಿಲ್ಲ. ಮಕ್ಕಳು ಅಳುವುದೊಂದು ಬಾಕಿ. ಆದರೆ ಎರಡು ನಿಮಿಷ ಬಿಟ್ಟು ನೋಡಿದರೆ, "ಇದು ನಂದು, ನಾನ್ ಹಿಂಗೇ ಬರ್ಯೋದು", "ಇದು ಅವ್ಳುದು, ಅವ್ಳು 'ಆದ್ದರಿಂದ' ಅಂತ ಜಾಸ್ತಿ ಹಾಕ್ತಾಳೆ" ಅಂತ ಶುರು ಮಾಡಿದ್ದರು. ಶೈಲಿ ಎಂದರೇನು ಅನ್ನುವ ಪಾಠವನ್ನು ಕನ್ನಡದ ಮೇಡಂ ಬಂದು ಮಾಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ನನ್ನ ಬರಹಕ್ಕೆ ಮೊದಲು ಕೈ ಹಾಕಿದವನು ಕೆರೆ ಹಿಂದಿನ ಊರಿನ ಹುಡುಗ. ಅವರೂರಿನ ಕಲ್ಲಿನ ಬಗ್ಗೆ ಮಾದರಿಗೆ ಇರಲಿ ಅಂತ ನಾನೇ ಒಂದು ಪ್ಯಾರಾ ಬರೆದಿದ್ದೆ. ಚೊಕ್ಕವಾಗಿ, ಮನೆಯಲ್ಲಿ ಬರೆದು ತಂದು ಅಂಟಿಸಿದ್ದು. 'ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಈ ವೀರಗಲ್ಲನ್ನು ಗ್ರಾಮಸ್ಥರು ಭಕ್ತಿಯಿಂದ ಪೂಜಿಸುತ್ತಾರೆ.' ಮರುದಿನ ನೋಡಿದರೆ ಕೊನೆಯ ವಾಕ್ಯ ಇಲ್ಲ. ಅದರ ಜಾಗದಲ್ಲಿ ಅವನ ನೀಲಿ ಬಣ್ಣದಲ್ಲಿ: 'ಪೂಜೆ ಇಲ್ಲ. ಬಟ್ಟೆ ಒಗೀತಾರೆ. ಮಳೆ ಬರದಿದ್ರೆ ಮಾತ್ರ ನಾಕು ಬಿಂದಿಗೆ ನೀರು ಹಾಕ್ತಾರೆ.'

ಮೊದಲು ಬಂದದ್ದು ಸಿಟ್ಟು. ಕೇಳದೆ ಟೀಚರ್ ಬರೆದದ್ದನ್ನು ಅಳಿಸುವುದೇ? ಆಮೇಲೆ ನಾಚಿಕೆ. ನಾನು ಆ ಕಲ್ಲನ್ನು ನೋಡಿಯೇ ಇರಲಿಲ್ಲ. ಭಕ್ತಿಯಿಂದ ಪೂಜಿಸುತ್ತಾರೆ ಎನ್ನುವುದು ಸುಮ್ಮನೆ ಕೈಗೆ ಬಂದ ವಾಕ್ಯ. ಎಷ್ಟು ವರ್ಷದಿಂದ ಎಷ್ಟು ನೋಟ್ಸಿನಲ್ಲಿ ಬರೆಸಿದ್ದೇನೋ. ಬೋರ್ಡಿನ ಮೇಲಾಗಿದ್ದರೆ ನಲವತ್ತು ನಿಮಿಷ ಇದ್ದು, ಮಕ್ಕಳ ಪುಸ್ತಕಕ್ಕೆ ಇಳಿದು, ಪರೀಕ್ಷೆಯಲ್ಲಿ ನನ್ನ ಹತ್ತಿರವೇ ವಾಪಸ್ ಬರುತ್ತಿತ್ತು. ಅದಕ್ಕೆ ನಾನೇ ಅಂಕ ಕೊಡುತ್ತಿದ್ದೆ. ಅವನ ಕಾಗುಣಿತ ತಿದ್ದಬೇಕು ಅಂತ ಕೈ ಹೋಯಿತು. 'ಒಗೀತಾರೆ' ಯನ್ನು 'ಒಗೆಯುತ್ತಾರೆ' ಮಾಡಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಒಗೀತಾರೆ' ಮಾಡಿದೆ.

ಆ ಮೇಲೆ ನೋಟ್‌ಪ್ಯಾಡ್ ತೆರೆಯುವುದನ್ನು ಬಿಟ್ಟೆ. ದೊಡ್ಡ ನಿರ್ಧಾರ ಏನಲ್ಲ. ಲ್ಯಾಬಿನ ಆರು ಕಂಪ್ಯೂಟರಿನಲ್ಲಿ ನನಗೊಂದು ಸಿಗುವುದೇ ಕಷ್ಟ, ಸಿಕ್ಕ ಹತ್ತು ನಿಮಿಷದಲ್ಲಿ ನೇರವಾಗಿ ಹೊಡೆಯಬೇಕಾಗುತ್ತಿತ್ತು.

ಈಥರ್‌ಪ್ಯಾಡಿನಲ್ಲಿ ಟೈಮ್‌ಸ್ಲೈಡರ್ ಅಂತ ಒಂದಿದೆ. ಒತ್ತಿದರೆ ಪುಟ ಖಾಲಿಯಾಗಿ, ಮೊದಲ ಅಕ್ಷರದಿಂದ ಮತ್ತೆ ತನ್ನನ್ನು ತಾನೇ ಬರೆದುಕೊಳ್ಳುತ್ತಾ ಬರುತ್ತದೆ, ಸಿನಿಮಾದ ಹಾಗೆ. ಬರೆದದ್ದು, ಅಳಿಸಿದ್ದು, ಜಗಳ ಆಡಿದ್ದು, ಎಲ್ಲ. ಕೆಲಸ ಮುಗಿಯುವ ಹೊತ್ತಿಗೆ ಒಂದು ಶನಿವಾರ ಮಕ್ಕಳೇ ಅದನ್ನು ಕಂಡುಹಿಡಿದರು. ಹಳೇ ಪ್ರೊಜೆಕ್ಟರ್ ತಂದು ಗೋಡೆಗೆ ಬಿಟ್ಟೆವು. ಇಪ್ಪತ್ತೇಳು ಮಕ್ಕಳು ನೆಲದ ಮೇಲೆ. ಬಣ್ಣಗಳು ಓಡಾಡಿದಾಗ ಒಂದೇ ಕಿರುಚಾಟ. ತನ್ನ ಹೆಸರು ಬಂದಾಗ ಚಪ್ಪಾಳೆ. ಯಾರೋ ಯಾರದೋ ಸಾಲು ಕದ್ದದ್ದು ಕಂಡಾಗ "ಕಳ್ಳ ಕಳ್ಳ".

ಕೊನೆಯ ಕಲ್ಲಿನ ಹತ್ತಿರ ಬಂತು. ಅದು ಬೇಲಿಯ ಬುಡದ್ದು, ಮಳೆಗೆ ಸವೆದು ನುಣ್ಣಗಾದದ್ದು. ಅದರ ಬಗ್ಗೆ ಇಬ್ಬರು ಎರಡು ಕಥೆ ತಂದಿದ್ದರು. ಹಸಿರು ಬಣ್ಣದ ಹುಡುಗನ ಅಜ್ಜಿ ಹೇಳಿದ್ದು, ದನ ಕಾಯಲು ಹೋಗಿ ಹುಲಿಯ ಜೊತೆ ಬಡಿದಾಡಿ ಸತ್ತವನ ಕಲ್ಲು. ಕಿತ್ತಳೆ ಬಣ್ಣದ ಹುಡುಗಿಯ ದೊಡ್ಡಮ್ಮ ಹೇಳಿದ್ದು, ಅದು ಗಂಡಸಿನ ಕಲ್ಲಲ್ಲ, ಅವನ ಹೆಂಡತಿಯದು. ಮಾಸ್ತಿಕಲ್ಲಾದರೆ ಮೇಲೆತ್ತಿದ ಒಂದು ಕೈ ಇರಬೇಕು, ಕೈಯಲ್ಲಿ ಬಳೆ ಇರಬೇಕು. ಇದರಲ್ಲಿ ಕೈಯ ಹಾಗೆ ಏನೋ ಇದೆ. ಹುಲಿಯ ಬಾಲವೂ ಆಗಬಹುದು. ಇಬ್ಬರೂ ಒಬ್ಬರನ್ನೊಬ್ಬರು ಅಳಿಸಿ ಅಳಿಸಿ ಬರೆದಿದ್ದರು.

ಅದಾದ ಮೇಲೆ ಪರದೆಯ ಮೇಲೆ ನನ್ನ ಬಣ್ಣ ಬಂತು. ನೇರಳೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕೂತು ತೀರ್ಪು ಬರೆಯಲು ಹೋಗಿದ್ದೆ. ನಾನದನ್ನು ಮರೆತೇಬಿಟ್ಟಿದ್ದೆ. ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ 'ಇದು ವೀರಗಲ್ಲು' ಅಂತ ಬಂತು. ಅಳಿಯಿತು. 'ಇದು ಬಹುಶಃ ಮಾಸ್ತಿಕಲ್ಲು' ಅಂತ ಬಂತು. 'ಬಹುಶಃ' ಹೋಯಿತು. ಮತ್ತೆ ಬಂತು. ಇಡೀ ವಾಕ್ಯ ಹೋಯಿತು. 'ತಜ್ಞರ ಪ್ರಕಾರ' ಅಂತ ಎರಡು ಪದ ಬಂದು ನಿಂತಿತು. ಯಾವ ತಜ್ಞರು? ಅದೂ ಹೋಯಿತು. ಆಮೇಲೆ ಏನೂ ಬರಲಿಲ್ಲ.

ಕೋಣೆಯಲ್ಲಿ ಒಂದು ಕ್ಷಣ ಸದ್ದಿಲ್ಲ. ನನ್ನ ಹಳೇ ಡೈರಿಯನ್ನು ಯಾರೋ ಗೋಡೆಗೆ ಅಂಟಿಸಿದ ಹಾಗಾಗಿತ್ತು. ಹಿಂದಿನಿಂದ ಒಬ್ಬ, "ಮಿಸ್‌ಗೂ ಗೊತ್ತಿಲ್ಲ ಕಣ್ರೋ!" ಅಂದ. ಎಲ್ಲ ನಕ್ಕರು. ನಾನೂ ನಕ್ಕೆ.

"ಮಿಸ್, ಓರೆ ಬೆಳಕು ಬಿಟ್ರೆ ಸವೆದಿದ್ದೂ ಕಾಣುತ್ತೆ ಅಂತ ಹೇಳಿದ್ರಲ್ಲ" ಅಂದಳು ಟೇಪಿನ ಹುಡುಗಿ. ಯಾವಾಗಲೋ ಶಾಸನದ ಪಾಠದಲ್ಲಿ ಹೇಳಿದ್ದೆ. ಸಂಜೆಯ ಬಿಸಿಲಿಗೋ, ಪಕ್ಕದಿಂದ ಹಿಡಿದ ದೀಪಕ್ಕೋ ಗೀರುಗಳ ನೆರಳು ಬಿದ್ದು ಎದ್ದು ಕಾಣುತ್ತದೆ ಅಂತ. "ನಮ್ಮನೇಲಿ ಆನೆ ನೋಡಕ್ಕೆ ಅಂತ ಅಪ್ಪ ತಂದಿರೋ ದೊಡ್ಡ ಟಾರ್ಚ್ ಐತೆ. ಸೋಮವಾರ ತರ್ತೀನಿ. ಬಳೆ ಇದ್ರೆ ಬಳೆ, ಬಾಲ ಇದ್ರೆ ಬಾಲ."

ಸೋಮವಾರ ಮಳೆ ರಜೆ ಕೊಟ್ಟರು. ಮಂಗಳವಾರವೂ. ಆ ಸಾಲು ಸದ್ಯಕ್ಕೆ ಪುಟದಲ್ಲಿ ಹಾಗೇ ಇದೆ, ಅರ್ಧ ಹಸಿರು, ಅರ್ಧ ಕಿತ್ತಳೆ, ಪಕ್ಕದಲ್ಲಿ ನೇರಳೆ ಬಣ್ಣದ ಒಂದು ಪ್ರಶ್ನೆಚಿಹ್ನೆ.